ಮೊದಲ ಸಾಲಿನ ಗೋಡೆಗಳು

ಮನೆಯ ಗೋಡೆಯೇ ವಿದ್ಯುತ್ತನ್ನು ಕೂಡಿಟ್ಟುಕೊಳ್ಳುವಂತಾದರೆ ಹೊಸ ಬಡಾವಣೆಗೆ ಉಪಕೇಂದ್ರ ಯಾಕೆ ಬೇಕು? ಈ ಪ್ರಶ್ನೆಯನ್ನು ಮೊದಲು ಕೇಳಿದವನು ಅಂಬಾರಾಯನಲ್ಲ. ಅದು ರಾಜಧಾನಿಯ ಯಾವುದೋ ಸಭೆಯಲ್ಲಿ, ಚಹಾ ವಿರಾಮಕ್ಕೆ ಸ್ವಲ್ಪ ಮುಂಚೆ, ಯಾರದೋ ಬಾಯಿಂದ ಬಂದ ಮಾತು. ಆದರೆ ಆ ಮಾತನ್ನು ಕಾಗದಕ್ಕೆ ಇಳಿಸಿ, ನೂರ ನಲವತ್ತು ಪುಟದ ಯೋಜನೆಯಾಗಿ ಬೆಳೆಸಿ, ಕೊನೆಯ ಪುಟದಲ್ಲಿ ಸಹಿ ಹಾಕಿದವನು ಅವನೇ.

ಅಂಬಾರಾಯ ವಿದ್ಯುತ್ ನಿಗಮದ ಯೋಜನಾ ವಿಭಾಗದಲ್ಲಿ ಕಾರ್ಯನಿರ್ವಾಹಕ ಎಂಜಿನಿಯರ್. ಊರ ಹೊರಗೆ ಹೊಸ ಬಡಾವಣೆ ಏಳುತ್ತದೆ ಎಂದರೆ ಅಲ್ಲಿ ಎಷ್ಟು ಮನೆ ಬರುತ್ತವೆ, ಹತ್ತು ವರ್ಷದ ನಂತರ ಎಷ್ಟು ಹೊರೆ ಬೀಳುತ್ತದೆ, ಕಂಬ ಎಲ್ಲಿ, ಟ್ರಾನ್ಸ್‌ಫಾರ್ಮರ್ ಎಲ್ಲಿ ಎಂದು ಮೊದಲೇ ಅಂದಾಜು ಮಾಡಿಡುವುದು ಅವನ ಇಪ್ಪತ್ತನಾಲ್ಕು ವರ್ಷದ ಕೆಲಸ. ಜನ ಬರುವ ಮುಂಚೆಯೇ ಅವರ ದೀಪ, ಫ್ಯಾನು, ಮಿಕ್ಸರ್‌ಗಳನ್ನು ಕಣ್ಣ ಮುಂದೆ ತಂದುಕೊಳ್ಳುವುದು ಅವನಿಗೆ ಅಭ್ಯಾಸವಾಗಿತ್ತು.

ನವಕೊಳ್ಳ ಬಡಾವಣೆಯ ಕಡತ ಅವನ ಮೇಜಿಗೆ ಬಂದಾಗ ಅವನಿಗೆ ಒಳಗೊಳಗೇ ಸಂತೋಷವಾಯಿತು. ಅದು ಅವನ ಹುಟ್ಟೂರಾದ ಕರಿಕೊಳ್ಳದ ಜನರಿಗಾಗಿ ಕಟ್ಟುವ ಬಡಾವಣೆ. ಕರಿಕೊಳ್ಳ ಹಾಸುಗಲ್ಲಿನ ಗಣಿಗಳ ಊರು. ಮೂರು ತಲೆಮಾರು ಕಲ್ಲು ತೆಗೆದು ತೆಗೆದು ನೆಲ ಖಾಲಿಯಾಗಿತ್ತು. ಆ ಗುಂಡಿಗಳ ಪಕ್ಕದ ಬಯಲನ್ನೂ ಊರನ್ನೂ ಸೇರಿಸಿ ಸರ್ಕಾರ ಒಂದು ಗಣಕ ಪಾರ್ಕಿಗೆ ಕೊಟ್ಟಿತ್ತು. ದೇಶದ ಲೆಕ್ಕಾಚಾರಗಳನ್ನೆಲ್ಲ ಹಗಲಿರುಳು ಮಾಡುವ ಯಂತ್ರಗಳು ಅಲ್ಲಿ ಸಾಲುಸಾಲಾಗಿ ನಿಲ್ಲುವವಿದ್ದವು. ಊರಿನ ಆರುನೂರ ನಲವತ್ತು ಕುಟುಂಬಗಳಿಗೆ ಪಾರ್ಕಿನ ರಸ್ತೆಯ ಆಚೆ ಬದಿಯಲ್ಲಿ ಹೊಸ ಮನೆಗಳು.

ಯೋಜನೆ ಸರಳವಾಗಿತ್ತು. ಮನೆಗಳ ಹೊರಗೋಡೆ ಅಲ್ಲಿಯದೇ ಹಾಸುಗಲ್ಲಿನದು. ಒಳಮೈಗೆ ಎರಡು ಬೆರಳು ದಪ್ಪದ ಕಪ್ಪು ಹಲಗೆಗಳ ಹೊದಿಕೆ. ಇದ್ದಿಲ ಪುಡಿ ಮತ್ತು ಸಿಮೆಂಟನ್ನು ಒಂದು ಬಗೆಯ ಉಪ್ಪುನೀರಿನಲ್ಲಿ ಕಲಸಿ ಮಾಡಿದ ಆ ಹಲಗೆಗಳು ವಿದ್ಯುತ್ತನ್ನು ಹಿಡಿದಿಟ್ಟುಕೊಳ್ಳುತ್ತಿದ್ದವು. ಹಗಲು ಚಾವಣಿಯ ಸೌರಫಲಕದಿಂದ ಗೋಡೆ ತುಂಬುತ್ತದೆ. ಸಂಜೆಗೆ ಮನೆ ತನಗೆ ಬೇಕಾದಷ್ಟನ್ನು ಬಳಸುತ್ತದೆ. ಮಿಕ್ಕದ್ದನ್ನು ಎಲ್ಲ ಮನೆಗಳ ಗೋಡೆಗಳಿಂದ ಒಟ್ಟಿಗೆ ಎಳೆದು, ರಸ್ತೆಯುದ್ದದ ಒಂದೇ ತಂತಿಯಲ್ಲಿ ಪಾರ್ಕಿಗೆ ಕೊಡಬಹುದು. ಉಪಕೇಂದ್ರ ಬೇಡ, ಅದಕ್ಕೆ ಜಾಗವೂ ಬೇಡ. ಒಂದೇ ಒಂದು ತೊಡಕಿತ್ತು. ನಿಧಾನವಾಗಿ ಎಳೆದರೆ ಗೋಡೆ ತಣ್ಣಗಿರುತ್ತದೆ. ಅವಸರದಲ್ಲಿ ಎಳೆದರೆ ಹಲಗೆ ಕಾಯುತ್ತದೆ. ಅದಕ್ಕೆಂದು ಅಂಬಾರಾಯ ಒಂದು ಮಿತಿ ಬರೆದ: ಬಡಾವಣೆಯ ಗೋಡೆಗಳ ಸರಾಸರಿ ಬಿಸಿ ಮೂರು ಡಿಗ್ರಿಗಿಂತ ಹೆಚ್ಚು ಏರಬಾರದು. ಇನ್ನೊಂದು ನಿಯಮವನ್ನೂ ಸೇರಿಸಿದ. ಪಾರ್ಕಿಗೆ ಎಷ್ಟೇ ಬೇಕಾದರೂ ಪ್ರತಿ ಮನೆಯ ಗೋಡೆಯಲ್ಲಿ ಐದರಲ್ಲಿ ಒಂದು ಪಾಲು ಮನೆಯವರಿಗೇ ಉಳಿಯಬೇಕು. ಹೀಗಾಗಿ ನವಕೊಳ್ಳದಲ್ಲಿ ಕರೆಂಟು ಹೋಗುವ ಮಾತೇ ಇರಲಿಲ್ಲ.

ಈ ಎರಡನೆಯ ನಿಯಮ ಬರೆಯುವಾಗ ಅವನ ಮನಸ್ಸಿನಲ್ಲಿ ಇದ್ದವಳು ಅಕ್ಕ ಜಗದೇವಿ.

ಜಗದೇವಿ ಅವನಿಗಿಂತ ಹನ್ನೊಂದು ವರ್ಷ ದೊಡ್ಡವಳು. ತಾಯಿ ತೀರಿದ ಮೇಲೆ ಗಣಿಯಲ್ಲಿ ಕಲ್ಲು ಸೀಳಿ, ಆಮೇಲೆ ಕಲ್ಲಿಗೆ ಹೊಳಪು ಕೊಡುವ ಶೆಡ್ಡಿನಲ್ಲಿ ನಿಂತು ಅವನನ್ನು ಓದಿಸಿದವಳು. ಗಂಡ ಹೋದ ನಂತರವೂ ಅದೇ ಶೆಡ್ಡಿನಲ್ಲಿ ದುಡಿದಳು. ಮೂವತ್ತು ವರ್ಷದ ಕಲ್ಲಿನ ಪುಡಿ ಅವಳ ಎದೆಯಲ್ಲಿ ಕೂತಿತ್ತು. ಈಗ ಮೂಗಿಗೆ ಸಣ್ಣ ಕೊಳವೆ ಹಾಕಿಕೊಂಡು, ಗಾಳಿಯಿಂದ ಆಮ್ಲಜನಕ ಹಿಂಡಿಕೊಡುವ ಯಂತ್ರದ ಪಕ್ಕದಲ್ಲೇ ಇರಬೇಕಿತ್ತು. ಹಳೆಯ ಊರಿನಲ್ಲಿ ದಿನಕ್ಕೆ ನಾಲ್ಕೈದು ತಾಸು ಕರೆಂಟು ಹೋಗುತ್ತಿತ್ತು. ಹೋದಾಗಲೆಲ್ಲ ಅವಳು ಕಟ್ಟೆಯ ಮೇಲೆ ಕೂತು, ಎರಡೂ ಕೈಯನ್ನು ಮೊಣಕಾಲಿಗೆ ಊರಿ, ಒಂದೊಂದೇ ಉಸಿರನ್ನು ಎಳೆದುಕೊಳ್ಳುತ್ತಿದ್ದಳು. ಅದನ್ನು ನೋಡಿದ್ದ ಅಂಬಾರಾಯ ಮನೆ ಹಂಚುವ ಅಧಿಕಾರಿಯನ್ನು ಕಂಡು, ತನ್ನ ಜೀವನದಲ್ಲಿ ಮೊದಲ ಸಲ ಒಂದು ಶಿಫಾರಸು ಮಾಡಿದ. ಪಾರ್ಕಿನ ರಸ್ತೆಗೆ ಹೊಂದಿದ ಮೊದಲ ಸಾಲಿನಲ್ಲಿ, ಮೂಲೆಯ ಮನೆಯೇ ಅಕ್ಕನಿಗೆ ಸಿಕ್ಕಿತು. ಆಂಬುಲೆನ್ಸು ಬಾಗಿಲವರೆಗೆ ಬರುತ್ತದೆ ಎನ್ನುವುದು ಅವನ ಯೋಚನೆ.

ಮೊದಲ ಎರಡು ವರ್ಷ ಎಲ್ಲವೂ ಚೆನ್ನಾಗಿತ್ತು. ಜನ ಆ ಗೋಡೆಗಳಿಗೆ ಕರಿಗ್ವಾಡಿ ಎಂದು ಹೆಸರಿಟ್ಟರು, ಸುಣ್ಣ ಬಳಿದು ಬಿಳಿ ಮಾಡಿಕೊಂಡಿದ್ದರೂ ಹೆಸರು ಹಾಗೇ ಉಳಿಯಿತು. ಚಳಿಗಾಲದ ಸಂಜೆ ಗೋಡೆ ಉಗುರುಬೆಚ್ಚಗಾಗುತ್ತಿತ್ತು. ಹೆಂಗಸರು ಅದಕ್ಕೆ ಬೆನ್ನು ಕೊಟ್ಟು ಕೂರುತ್ತಿದ್ದರು, ಹೆಪ್ಪು ಹಾಕಿದ ಹಾಲಿನ ಪಾತ್ರೆಯನ್ನು ಗೋಡೆಗೆ ತಾಗಿಸಿ ಇಡುತ್ತಿದ್ದರು. ಮೊಳೆ ಮಾತ್ರ ಹೊಡೆಯುವಂತಿರಲಿಲ್ಲ. ದೇವರ ಪಟಗಳನ್ನು ಎಲ್ಲರೂ ಚಾವಣಿಯ ಕೊಂಡಿಗೆ ದಾರ ಕಟ್ಟಿ ತೂಗುಬಿಟ್ಟಿದ್ದರು. ಬಂದ ಗಾಳಿಗೆ ದೇವರುಗಳು ಮೆಲ್ಲಗೆ ತಿರುಗುತ್ತಿದ್ದವು.

ಅಂಬಾರಾಯ ಭಾನುವಾರ ಬೆಳಿಗ್ಗೆ ಹತ್ತರ ಹೊತ್ತಿಗೆ ಅಕ್ಕನ ಮನೆಗೆ ಬರುತ್ತಿದ್ದ. ಅವಳು ಯಂತ್ರವನ್ನು ಅಡುಗೆಮನೆಯ ಬಾಗಿಲಿಗೆ ಎಳೆದುಕೊಂಡು, ಕೂತಲ್ಲೇ ರೊಟ್ಟಿ ಬಡಿಯುತ್ತಿದ್ದಳು. ಅವನು ಉಣ್ಣುವ ಮುಂಚೆ ಒಮ್ಮೆ ಗೋಡೆಗೆ ಅಂಗೈ ಇಟ್ಟು ನೋಡುತ್ತಿದ್ದ. ಆ ಹೊತ್ತಿನಲ್ಲಿ ಅದು ಯಾವಾಗಲೂ ತಣ್ಣಗಿರುತ್ತಿತ್ತು.

ಮೂರನೆಯ ವರ್ಷ ಮಾರ್ಚಿನಲ್ಲಿ ಪಾರ್ಕಿನ ಎರಡನೆಯ ಕಟ್ಟಡ ಶುರುವಾಯಿತು. ಯಂತ್ರಗಳು ಇಮ್ಮಡಿಯಾದವು. ಅವು ಕೆಲಸ ಮಾಡಲು ತಿನ್ನುವ ವಿದ್ಯುತ್ತಿನ ಜೊತೆ ಅವನ್ನು ತಂಪಾಗಿಡಲೂ ವಿದ್ಯುತ್ತು ಬೇಕು. ಬಿಸಿಲು ಇಳಿಯತೊಡಗಿ ಪಾರ್ಕಿನ ಸ್ವಂತ ಸೌರಫಲಕಗಳು ಸೋಲುವ ಸಂಜೆ ನಾಲ್ಕರಿಂದ ಎಂಟರವರೆಗೆ ಅದು ನವಕೊಳ್ಳದ ಗೋಡೆಗಳಿಂದ ಎಳೆಯತೊಡಗಿತು. ಅಕ್ಕನ ಪಕ್ಕದ ಮನೆಯ ಲಾಲಬೀಯ ಗಂಡ ಪಾರ್ಕಿನಲ್ಲಿ ಕಾವಲುಗಾರ. ಒಳಗೆ ಹದಿನೆಂಟು ಡಿಗ್ರಿ ಇರುತ್ತದೆಂದು ಅವನು ಸ್ವೆಟರ್ ಹಾಕಿಕೊಂಡು ಕೆಲಸಕ್ಕೆ ಹೋಗುತ್ತಿದ್ದ. ಹೊರಗೆ ನಲವತ್ತಮೂರು ಡಿಗ್ರಿ ಬಿಸಿಲಿನಲ್ಲಿ ಲಾಲಬೀ ಆ ಸ್ವೆಟರನ್ನು ಒಗೆದು ತಂತಿಗೆ ಹಾಕುತ್ತಿದ್ದಳು.

ಏಪ್ರಿಲ್ ಎರಡನೆಯ ವಾರ ನಿಗಮದ ಕಚೇರಿಗೆ ಒಂದು ಅರ್ಜಿ ಬಂತು. ಮೊದಲ ಸಾಲಿನ ಮೂವತ್ತೆರಡು ಮನೆಗಳ ಪೈಕಿ ಮೂವತ್ತೊಂದು ಮನೆಯವರ ಸಹಿ ಮತ್ತು ಹೆಬ್ಬೆಟ್ಟು. ಸಂಜೆ ಹೊತ್ತು ಗೋಡೆ ಮುಟ್ಟಲು ಆಗುವುದಿಲ್ಲ, ಒಳಗೆ ಕೂರಲು ಆಗುವುದಿಲ್ಲ, ಎಂಟು ಗಂಟೆಯವರೆಗೆ ಎಲ್ಲರೂ ಬಯಲಿನಲ್ಲೇ ಇರುತ್ತೇವೆ, ಸಾಹೇಬರು ಬಂದು ನೋಡಬೇಕು ಎಂದು ಬರೆದಿತ್ತು. ಬರೆದವಳು ಲಾಲಬೀ. ಹತ್ತನೆಯ ತರಗತಿಯವರೆಗೆ ಓದಿದ್ದ ಅವಳ ಅಕ್ಷರ ದುಂಡಗಿತ್ತು.

ಅಂಬಾರಾಯ ನಿಯಂತ್ರಣ ಕೊಠಡಿಗೆ ಹೋಗಿ ನೋಡಿದ. ದೊಡ್ಡ ಪರದೆಯ ಮೇಲೆ ಆರುನೂರ ನಲವತ್ತು ಚೌಕಗಳು. ಪ್ರತಿ ಚೌಕ ಒಂದು ಮನೆ. ಗೋಡೆಯಲ್ಲಿ ಎಷ್ಟು ವಿದ್ಯುತ್ತಿದೆ ಎನ್ನುವುದನ್ನು ಅದರ ಬಣ್ಣ ತೋರಿಸುತ್ತಿತ್ತು. ಬಿಸಿಯ ಲೆಕ್ಕ ಮಾತ್ರ ಮೇಲಿನ ಮೂಲೆಯಲ್ಲಿ ಒಂದೇ ಅಂಕಿಯಾಗಿ ಬರುತ್ತಿತ್ತು. ಸೊನ್ನೆ ದಶಾಂಶ ಒಂಬತ್ತು ಡಿಗ್ರಿ. ಮಿತಿಯ ಒಳಗೇ ಇತ್ತು.

ಅವನು ಅರ್ಜಿಯನ್ನು ಮತ್ತೊಮ್ಮೆ ತೆಗೆದು ಸಹಿಗಳ ಪಟ್ಟಿ ನೋಡಿದ. ಅವನಿಗೆ ಬೇಕಾಗಿದ್ದದ್ದು ಒಂದೇ ಹೆಸರು. ಅದು ಇರಲಿಲ್ಲ. ಸಹಿ ಮಾಡದ ಮೂವತ್ತೆರಡನೆಯ ಮನೆ ಜಗದೇವಿಯದು. ಇಡೀ ದಿನ ಮನೆಯೊಳಗೇ ಇರುವವಳು ಅವಳು. ಅವಳಿಗೇ ತೊಂದರೆ ಇಲ್ಲದಿದ್ದರೆ ಉಳಿದವರು ಹೇಳುವುದರಲ್ಲಿ ಎಷ್ಟು ನಿಜವಿದ್ದೀತು ಎಂದು ಅವನಿಗೆ ಅನ್ನಿಸಿತು. ಆದರೂ ಮನಸ್ಸು ತಡೆಯದೆ ಫೋನ್ ಮಾಡಿದ. ಮನೆ ಬಹಳ ಕಾಯುತ್ತದೆಯೇ ಎಂದು ಕೇಳಿದ.

"ಬ್ಯಾಸಗಿ ಅದ ತಮ್ಮಾ," ಎಂದಳು ಜಗದೇವಿ. "ಕಲ್ಲಿನ ಊರಾಗ ಹುಟ್ಟಿದವರು ನಾವು. ಸುಡದೇ ಇರ್ತದೇನು? ನೀ ಅದಕೆಲ್ಲ ತಲಿ ಕೆಡಿಸ್ಕೊಬ್ಯಾಡ."

ಮಾತಿನ ನಡುವೆ ಅವಳು ಎರಡು ಸಲ ನಿಂತು ಉಸಿರು ತೆಗೆದುಕೊಂಡಳು. ಅದು ಅವನಿಗೆ ಹೊಸದಾಗಿರಲಿಲ್ಲ. ಆ ಭಾನುವಾರ ಬರುತ್ತೇನೆಂದು ಹೇಳಿ ಫೋನ್ ಇಟ್ಟ. ಅರ್ಜಿಗೆ ಉತ್ತರ ಬರೆಸಿದ: ತಪಾಸಣೆ ಮಾಡಲಾಗಿದೆ, ಸರಾಸರಿ ಏರಿಕೆ ನಿಗದಿತ ಮಿತಿಯ ಒಳಗಿದೆ, ದೂರಿನಲ್ಲಿ ಹುರುಳಿಲ್ಲ. ಭಾನುವಾರ ಪಾರ್ಕಿನ ಮೂರನೆಯ ಕಟ್ಟಡದ ಸಭೆ ಬಂದದ್ದರಿಂದ ಹೋಗಲಾಗಲಿಲ್ಲ.

ಅಕ್ಕನಿಗೆ ಫೋನ್ ಮಾಡಿದ ಹನ್ನೊಂದನೆಯ ದಿನ, ಗುರುವಾರ, ಸಂಜೆ ಆರೂವರೆಗೆ ಲಾಲಬೀ ಫೋನ್ ಮಾಡಿದಳು. ಅವಳು ಹೇಳಿದ್ದು ಇಷ್ಟೇ: ನಿಮ್ಮ ಅಕ್ಕ ಏಳುತ್ತಿಲ್ಲ, ಬೇಗ ಬನ್ನಿ.

ಅವನು ತಲುಪುವಾಗ ಏಳು ಗಂಟೆ ದಾಟಿತ್ತು. ಮೊದಲ ಸಾಲಿನವರೆಲ್ಲ ರಸ್ತೆಯ ಬದಿಯಲ್ಲಿ ಗೋಣಿಚೀಲ, ಚಾಪೆ ಹಾಸಿಕೊಂಡು ಕೂತಿದ್ದರು. ಮನೆಯೊಳಗೆ ಕಾಲಿಟ್ಟಾಗ ಮುಖಕ್ಕೆ ಬಡಿದ ಬಿಸಿ ಅವನಿಗೆ ಒಂದು ಕ್ಷಣ ಅರ್ಥವಾಗಲಿಲ್ಲ. ಎಲ್ಲೋ ಒಲೆ ಉರಿಯುತ್ತಿದೆ ಅಂದುಕೊಂಡ. ಒಲೆ ಆರಿತ್ತು. ಜಗದೇವಿ ಮಂಚದ ಮೇಲೆ ಒಂದು ಮಗ್ಗುಲಾಗಿ ಮಲಗಿದ್ದಳು. ಒದ್ದೆ ಮಾಡಿ ಮೈಮೇಲೆ ಹೊದ್ದಿದ್ದ ಹಳೆಯ ಸೀರೆ ಒಣಗಿ ಗರಿಗರಿಯಾಗಿತ್ತು. ಕೊಳವೆ ಇನ್ನೂ ಮೂಗಿನಲ್ಲಿತ್ತು. ಪಕ್ಕದಲ್ಲಿ ಯಂತ್ರ ಒಂದಿಷ್ಟೂ ತಪ್ಪದೆ ಗುರುಗುಟ್ಟುತ್ತಿತ್ತು. ಅವನು ಬರೆದ ನಿಯಮದಂತೆ ಗೋಡೆಯ ಐದರಲ್ಲಿ ಒಂದು ಪಾಲು ಅದಕ್ಕೆ ಸಿಗುತ್ತಲೇ ಇತ್ತು.

ಗೋಡೆಗೆ ಅಂಗೈ ಇಟ್ಟ. ಹೆಚ್ಚು ಹೊತ್ತು ಇಡಲಾಗಲಿಲ್ಲ.

ಲಾಲಬೀ ಬಾಗಿಲಲ್ಲಿ ನಿಂತಿದ್ದಳು. ದಿನಾ ನಾಲ್ಕು ಗಂಟೆಗೆ ತಾವೆಲ್ಲ ಹೊರಗೆ ಬರುತ್ತಿದ್ದೆವು, ಜಗದೇವಕ್ಕನಿಗೆ ಬರಲು ಆಗುತ್ತಿರಲಿಲ್ಲ ಎಂದು ಅವಳು ಹೇಳಿದಳು. ಒಂದು ಸಲ ಉದ್ದನೆಯ ವೈರು ಹಾಕಿ ಯಂತ್ರವನ್ನು ಹೊರಗೆ ತಂದಿದ್ದರಂತೆ. ಪಾರ್ಕಿನ ಲಾರಿಗಳ ಧೂಳು ತುಂಬಿ ಅದು ಕೂಗಿಕೊಂಡು ನಿಂತುಬಿಟ್ಟಿತಂತೆ. ಅಂದಿನಿಂದ ಜಗದೇವಿ ಒಳಗೇ ಇದ್ದಳು. ಹೊರಗೆ ಬಂದರೆ ಉಸಿರಿಲ್ಲ, ಒಳಗಿದ್ದರೆ ಬಿಸಿ.

"ಅರ್ಜಿಗೆ ಯಾಕ ಸಹಿ ಮಾಡ್ಲಿಲ್ಲ ಅಕ್ಕ?" ಎಂದು ಅಂಬಾರಾಯ ಕೇಳಿದ. ಯಾರನ್ನು ಕೇಳುತ್ತಿದ್ದೇನೆ ಎಂಬುದು ಅವನಿಗೇ ತಿಳಿದಿರಲಿಲ್ಲ.

"ನಾ ಕಾಗದಾ ತಗೊಂಡು ಬಂದಿದ್ನಲ್ರೀ," ಎಂದಳು ಲಾಲಬೀ. "ಇದೆಲ್ಲ ನನ್ ತಮ್ಮ ಬರದಿದ್ದರ ಮ್ಯಾಲ ನಡದದ, ಅಂವನ ನೌಕರಿಗಿ ಕುತ್ತು ಬರ್ತದ, ನಾ ಹ್ಯಾಂಗ ಸಹಿ ಹಾಕ್ಲಿ ಅಂದ್ಲು. ಹ್ವಾದ ವಾರ ನಾನೇ ನಿಮಗ ಫೋನ್ ಹಚ್ಚಲಾಕ ಹೋದ್ರ ಕೈ ಹಿಡ್ಕೊಂಡ್ಲು. ಭಾಳ ಸುಡಲತ್ತಿತ್ರೀ ಆ ಕೈ."

ವೈದ್ಯರು ಬಂದು ನೋಡಿ, ಹಳೆಯ ಎದೆರೋಗದಿಂದ ಸಾವು ಎಂದು ಬರೆದರು. ಅದೂ ಸುಳ್ಳಾಗಿರಲಿಲ್ಲ.

ಮಣ್ಣು ಮಾಡಿ ಬಂದ ಮೂರನೆಯ ದಿನ ಅಂಬಾರಾಯ ನಿಯಂತ್ರಣ ಕೊಠಡಿಗೆ ಹೋಗಿ, ಸರಾಸರಿಯನ್ನು ಬಿಡಿಸಿ ಒಂದೊಂದು ಮನೆಯ ಅಂಕಿಯನ್ನೂ ಬೇರೆಬೇರೆಯಾಗಿ ತೆಗೆಸಿದ. ಹಿಂದಿನ ಸಾಲುಗಳಲ್ಲಿ ಏರಿಕೆ ಅರ್ಧ ಡಿಗ್ರಿ, ಒಂದು ಡಿಗ್ರಿ. ಕೊನೆಯ ಸಾಲುಗಳಲ್ಲಿ ಏನೂ ಇರಲಿಲ್ಲ. ಮೊದಲ ಸಾಲಿನಲ್ಲಿ ಏಳು, ಎಂಟು. ಮೂಲೆಯ ಮನೆಯಲ್ಲಿ ಒಂಬತ್ತು ದಶಾಂಶ ಆರು. ಇದರಲ್ಲಿ ಯಾವ ರಹಸ್ಯವೂ ಇರಲಿಲ್ಲ. ದೂರದ ಮನೆಯಿಂದ ವಿದ್ಯುತ್ತು ಬರುವಾಗ ತಂತಿಯೇ ಅದನ್ನು ತಡೆಯುತ್ತದೆ, ಹತ್ತಿರದ ಮನೆಯಿಂದ ಸಲೀಸಾಗಿ ಬರುತ್ತದೆ. ಅವಸರದಲ್ಲಿ ಎಳೆದಷ್ಟೂ ಹತ್ತಿರದವರೇ ಹೆಚ್ಚು ಕೊಡುತ್ತಾರೆ. ಎಂಜಿನಿಯರಿಂಗ್ ಮೊದಲ ವರ್ಷದ ಹುಡುಗಿಯೂ ಇದನ್ನು ಹೇಳುತ್ತಿದ್ದಳು. ಅಂಬಾರಾಯನಿಗೂ ಗೊತ್ತಿತ್ತು. ಯೋಜನೆಯ ಮೊದಲ ಕರಡಿನಲ್ಲಿ ಎಲ್ಲ ಮನೆಗಳಿಂದ ಸಮನಾಗಿ ಎಳೆಯುವ ಸಾಧನವನ್ನು ಹತ್ತು ಮನೆಗೆ ಒಂದರಂತೆ ಅವನೇ ಬರೆದಿದ್ದ. ಅದು ಬರಲು ಎಂಟು ತಿಂಗಳು ತಡವಾಗುತ್ತದೆ, ಉದ್ಘಾಟನೆಯ ದಿನ ಗೊತ್ತಾಗಿದೆ ಎಂದು ಮೇಲಿನಿಂದ ಹೇಳಿದಾಗ, ಆ ಪುಟವನ್ನು ಹೊಡೆದು ಹಾಕಿದವನೂ ಅವನೇ. ಆಗ ಪಾರ್ಕು ಒಂದೇ ಕಟ್ಟಡದ್ದಾಗಿತ್ತು, ಎಳೆಯುವುದೂ ಕಡಿಮೆಯಿತ್ತು. ಆಮೇಲೆ ನೋಡಿದರಾಯಿತು ಅಂದುಕೊಂಡಿದ್ದ.

ಆರುನೂರ ನಲವತ್ತು ಮನೆಗಳಲ್ಲಿ ಪಾರ್ಕಿಗೆ ಎಲ್ಲಕ್ಕಿಂತ ಹೆಚ್ಚು ಕೊಟ್ಟದ್ದು ಅಕ್ಕನ ಮನೆ. ಅದನ್ನು ಆರಿಸಿ ಕೊಡಿಸಿದ್ದೂ ಅವನೇ.

ಅವನು ಹದಿನಾರು ಪುಟದ ವರದಿ ಬರೆದ. ತಾನು ಹೊಡೆದು ಹಾಕಿದ ಪುಟವನ್ನೂ ಅದಕ್ಕೆ ಲಗತ್ತಿಸಿದ. ಸರಾಸರಿ ಮಿತಿ ತಪ್ಪು, ಪ್ರತಿ ಮನೆಗೂ ಬೇರೆ ಮಿತಿ ಬೇಕು, ಸಮನಾಗಿ ಎಳೆಯುವ ಸಾಧನ ಬರುವವರೆಗೆ ಮೊದಲ ಸಾಲಿನಿಂದ ಎಳೆಯುವುದನ್ನು ನಿಲ್ಲಿಸಬೇಕು, ಆ ಮೂವತ್ತೆರಡು ಕುಟುಂಬಗಳ ಜೀವಕ್ಕೆ ಅಪಾಯವಿದೆ ಎಂದು ಸ್ಪಷ್ಟವಾಗಿ ಬರೆದ. ವರದಿಯನ್ನು ಮುಖ್ಯ ಎಂಜಿನಿಯರ್ ದೇಶಮುಖರ ಕೈಗೆ ತಾನೇ ಕೊಟ್ಟ.

ದೇಶಮುಖರು ಕೆಟ್ಟವರಲ್ಲ. ಜಗದೇವಿಯ ಮಣ್ಣಿಗೆ ಬಂದಿದ್ದರು. ವರದಿಯನ್ನು ಪೂರ್ತಿ ಓದಿದರು, ಸಮಿತಿಯ ಮುಂದೆ ಇಡುತ್ತೇನೆಂದರು, ಇಟ್ಟರು ಕೂಡ. ಅಷ್ಟರಲ್ಲಿ ಮಳೆ ಬಂತು. ಹವೆ ತಂಪಾಯಿತು. ಸಮಿತಿ ಶ್ರಾವಣದಲ್ಲಿ ಒಮ್ಮೆ, ದೀಪಾವಳಿಯ ನಂತರ ಒಮ್ಮೆ ಸೇರಿತು. ಚಳಿಗಾಲದಲ್ಲಿ ಮೊದಲ ಸಾಲಿನವರು ಮತ್ತೆ ಗೋಡೆಗೆ ಬೆನ್ನು ಕೊಟ್ಟು ಕೂತರು. ಸಂಕ್ರಾಂತಿ ಕಳೆದ ಮೇಲೆ ದೇಶಮುಖರು ಅಂಬಾರಾಯನನ್ನು ಕರೆಸಿ, ನಿನ್ನ ವರದಿಯನ್ನು ಸಮಿತಿ ಒಪ್ಪಿದೆ ಎಂದರು. ಅಂಬಾರಾಯನಿಗೆ ಒಂಬತ್ತು ತಿಂಗಳಲ್ಲಿ ಮೊದಲ ಸಲ ಎದೆ ಹಗುರಾಯಿತು.

ಸಾಧನ ತರಿಸಿ ಕೂಡಿಸಲು ಇಡೀ ಬಡಾವಣೆಯನ್ನು ಅಗೆಯಬೇಕಾಗುತ್ತದೆ, ಪಾರ್ಕಿಗೆ ಅಷ್ಟು ದಿನ ವಿದ್ಯುತ್ತು ನಿಲ್ಲಿಸಲು ಬರುವುದಿಲ್ಲ ಎಂದು ದೇಶಮುಖರು ಮುಂದುವರಿಸಿದರು. ಆಮೇಲೆ ದನಿ ತಗ್ಗಿಸಿ ಹೇಳಿದರು:

"ನೀನೇ ಬರದಿ ನೋಡು ಅಂಬಾರಾಯ, ಮನಿಯಾಗ ಮಂದಿ ಇದ್ರ ಮಿತಿ ಬೇಕು ಅಂತ. ಮಂದಿನೇ ಇಲ್ಲಂದ್ರ?"

ಅಂಬಾರಾಯ ಅವರ ಮುಖ ನೋಡಿದ.

"ಮೊದಲ ಸಾಲು ಖಾಲಿ ಮಾಡಸ್ತೀವಿ. ಅವರಿಗಿ ಬ್ಯಾರೆ ಕಡಿ ಪಕ್ಕಾ ಮನಿ ಕೊಡ್ತೀವಿ. ಖಾಲಿ ಗ್ವಾಡಿಯಿಂದ ಎಷ್ಟರೆ ಎಳಿ, ಯಾರಿಗಿ ಏನು? ಹಿಂದಿನ ಸಾಲಿನವರಿಗೂ ಬಿಸಿ ತಾಕಂಗಿಲ್ಲ. ಎಲ್ಲಾ ಹಿಂದ ಮುಂದ ನೋಡೇ ನಿರ್ಣಯ ಮಾಡ್ಯಾರ."

ಲೆಕ್ಕದ ದೃಷ್ಟಿಯಿಂದ ಅದರಲ್ಲಿ ತಪ್ಪಿರಲಿಲ್ಲ. ಪಕ್ಕಾ ಮನೆ ಯಾವಾಗ ಎಂದಷ್ಟೇ ಕೇಳಿದ. ಮೂರು ತಿಂಗಳು ಎಂದರು.

ಫೆಬ್ರುವರಿ ಕೊನೆಯಲ್ಲಿ ಮೂವತ್ತೆರಡು ಮನೆಗಳಿಗೂ ನಿಗಮದ ಬೀಗ ಬಿತ್ತು. ಆ ಆದೇಶದ ತಲೆಯಲ್ಲಿ ಅಂಬಾರಾಯನ ವರದಿಯ ಸಂಖ್ಯೆ, ದಿನಾಂಕ ಇದ್ದವು. ಜನರನ್ನು ಮೂಲೆಯ ಮನೆಯ ಪಕ್ಕದ ಬಯಲಿನಲ್ಲಿ ತಗಡಿನ ಶೆಡ್ಡುಗಳಿಗೆ ಸಾಗಿಸಿದರು. ಬಿಟ್ಟು ಹೋಗುವಾಗ ಅವರು ಚಾವಣಿಯ ಫ್ಯಾನುಗಳನ್ನು, ದಾರದಲ್ಲಿ ತೂಗುತ್ತಿದ್ದ ದೇವರ ಪಟಗಳನ್ನು ಬಿಚ್ಚಿಕೊಂಡು ಹೋದರು. ಫ್ಯಾನುಗಳನ್ನು ಶೆಡ್ಡಿನ ಕಬ್ಬಿಣದ ಕೊಳವೆಗೆ ನೇತುಹಾಕಿದರು. ಆದರೆ ಶೆಡ್ಡುಗಳಿಗೆ ಕರೆಂಟು ಇರಲಿಲ್ಲ. ಮೂರು ತಿಂಗಳಿಗಾಗಿ ಯಾರು ತಂತಿ ಎಳೆಯುತ್ತಾರೆ ಎಂದಿದ್ದರು.

ಏಪ್ರಿಲ್ ಬಂದರೂ ಪಕ್ಕಾ ಮನೆಗೆ ಜಾಗ ಗುರುತಾಗಿರಲಿಲ್ಲ. ಅಂಬಾರಾಯ ಒಂದು ಮಧ್ಯಾಹ್ನ ಥರ್ಮಾಮೀಟರ್ ಹಿಡಿದು ಶೆಡ್ಡುಗಳಿಗೆ ಹೋದ. ಲಾಲಬೀಯ ತಗಡಿನೊಳಗೆ ನಲವತ್ತೇಳು ಡಿಗ್ರಿ ಇತ್ತು. ಅವಳು ಅವನಿಗೆ ನೆರಳಿನಲ್ಲಿ ಗೋಣಿಚೀಲ ಹಾಸಿ, ನೀರು ಕೊಟ್ಟಳು. ಹಳೆಯ ಮನೆಯ ಮಾತು ಬಂತು.

"ಅಲ್ಲಿ ನಾಕ್ ತಾಸು ಸುಡ್ತಿತ್ರೀ," ಎಂದಳು. "ಇಲ್ಲಿ ಹನ್ನೆರ್ಡು ತಾಸು. ನೀವು ನಮ್ ಸಲುವಾಗಿ ಬರದ್ರಿ ಅಂತ ಎಲ್ಲಾರೂ ಹೇಳ್ತಾರ. ನಾ ಏನೂ ಅನ್ನಂಗಿಲ್ಲ. ಆದ್ರ ಇನ್ನ ಬರೀಬ್ಯಾಡ್ರಿ."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಅದೇ ಅವನಿಗೆ ತಡೆಯಲಾಗದೆ ಹೋದದ್ದು.

ಅವನು ಕಚೇರಿಗೆ ಹೋಗಿ ಮೂವತ್ತೆರಡು ಶೆಡ್ಡುಗಳಿಗೆ ತಾತ್ಕಾಲಿಕ ಸಂಪರ್ಕ ಕೊಡಿಸಲು ಟಿಪ್ಪಣಿ ಕಳಿಸಿದ. ಒಂದು ಶೆಡ್ಡಿಗೆ ಒಂದು ಫ್ಯಾನು, ಒಂದು ದೀಪ. ಆರು ದಿನಕ್ಕೆ ಉತ್ತರ ಬಂತು. ನವಕೊಳ್ಳದ ಗೋಡೆಗಳ ಪೂರ್ತಿ ಸಾಮರ್ಥ್ಯ ಪಾರ್ಕಿನ ಮೂರನೆಯ ಕಟ್ಟಡಕ್ಕೆ ಗೊತ್ತುಪಡಿಸಲಾಗಿದೆ, ಹೆಚ್ಚುವರಿ ಲಭ್ಯತೆ ಇಲ್ಲ. ಅದರ ಜೊತೆಗೇ ನವಕೊಳ್ಳ ಎರಡನೆಯ ಹಂತದ ಕಡತವೂ ಅವನ ಸಹಿಗಾಗಿ ಬಂದಿತ್ತು. ಅವನು ಅದನ್ನು ಬಿಚ್ಚದೆ ಮೇಜಿನ ಖಾನೆಯಲ್ಲಿಟ್ಟ.

ಮರುದಿನ ಬೆಳಿಗ್ಗೆ ಅವನು ಕಚೇರಿಗೆ ಹೋಗಲಿಲ್ಲ. ಪೇಟೆಯ ಅಂಗಡಿಯಲ್ಲಿ ನಾಲ್ಕು ಸುರುಳಿ ವೈರು, ಹೋಲ್ಡರು, ಇನ್ಸುಲೇಷನ್ ಟೇಪು ಕೊಂಡು ನವಕೊಳ್ಳಕ್ಕೆ ಹೋದ. ತಪಾಸಣೆಗೆಂದು ಬೀಗದ ಕೈಗಳ ಒಂದು ಗೊಂಚಲು ಅವನ ಬಳಿಯೂ ಇತ್ತು. ಅಕ್ಕನ ಮನೆಯ ಬೀಗ ತೆಗೆದ. ಒಳಗೆ ಏನೂ ಇರಲಿಲ್ಲ. ಯಂತ್ರದ ಕಾಲುಗಳು ಊರಿದ್ದ ಕಡೆ ನೆಲದ ಮೇಲೆ ನಾಲ್ಕು ಗುರುತು ಮಾತ್ರ ಉಳಿದಿದ್ದವು. ಸ್ವಿಚ್ ಬೋರ್ಡು ಬಿಚ್ಚಿ, ತಂತಿ ಸೇರಿಸಿ, ಕಿಟಕಿಯಿಂದ ಹೊರಗೆಳೆದು ಶೆಡ್ಡುಗಳ ಕಡೆ ನಡೆದ. ಅವನು ಮಾಡುತ್ತಿದ್ದದ್ದು ಕಳ್ಳ ಸಂಪರ್ಕ. ಇಂಥದನ್ನು ಹಿಡಿದು ತಂತಿ ಕಿತ್ತು ಹಾಕುವುದನ್ನು ತಾನೇ ನಿಂತು ಮಾಡಿಸಿದ ದಿನಗಳೂ ಅವನ ನೌಕರಿಯಲ್ಲಿ ಇದ್ದವು. ಈಗ ಹನ್ನೊಂದು ಗಂಟೆಯ ಬಿಸಿಲಿನಲ್ಲಿ, ಎಲ್ಲರ ಎದುರು, ತೋಳು ಮಡಚಿಕೊಂಡು ಒಂದೊಂದೇ ಶೆಡ್ಡಿಗೆ ಕೊಂಡಿ ಹಾಕುತ್ತಾ ಹೋದ. ಮೊದಲು ಎಲ್ಲರೂ ದೂರ ನಿಂತು ನೋಡಿದರು. ಆಮೇಲೆ ಲಾಲಬೀ ಬಂದು ಸುರುಳಿಯನ್ನು ಹಿಡಿದುಕೊಂಡಳು. ಅವಳ ಗಂಡ ಏಣಿ ತಂದ.

ಹನ್ನೆರಡೂವರೆಗೆ ಅವನು ಅಕ್ಕನ ಮನೆಗೆ ಹೋಗಿ ಸ್ವಿಚ್ ಒತ್ತಿದ. ಫ್ಯಾನುಗಳು ಒಂದಾದ ಮೇಲೊಂದು ತಿರುಗಿದವು. ಎಲ್ಲರೂ ಒಳಗೆ ಹೋಗಿ ಫ್ಯಾನಿನ ಕೆಳಗೆ ಕೂತರು. ಮುದುಕರು ಅಂಗಿ ಬಿಚ್ಚಿ ಮಲಗಿದರು. ಲಾಲಬೀ ಒಲೆ ಹಚ್ಚಿ ಚಹಾಕ್ಕೆ ಇಟ್ಟಳು. ಅಂಬಾರಾಯ ಅವಳ ಶೆಡ್ಡಿನ ಹೊಸ್ತಿಲಲ್ಲಿ ಕೂತು ಬೆವರು ಒರೆಸಿಕೊಂಡ. ಒಂದು ವರ್ಷದಲ್ಲಿ ಅವನಿಗೆ ಅಷ್ಟು ನೆಮ್ಮದಿ ಎಂದೂ ಆಗಿರಲಿಲ್ಲ.

ನಿಯಂತ್ರಣ ಕೊಠಡಿಯಲ್ಲಿ ಆಗ ಮೊದಲ ಸಾಲಿನ ಒಂದು ಚೌಕ ಮಿನುಗತೊಡಗಿತ್ತು. ಜನರಿಲ್ಲದ ಮನೆಯಲ್ಲಿ ವಿದ್ಯುತ್ತು ಖರ್ಚಾಗುತ್ತಿದ್ದರೆ ಅದು ಸೋರಿಕೆ. ಸೋರಿಕೆ ನಲವತ್ತು ನಿಮಿಷ ಮುಂದುವರಿದರೆ, ಯಾರನ್ನೂ ಕೇಳದೆ ವ್ಯವಸ್ಥೆಯೇ ಆ ಮನೆಯ ಒಳಸಂಪರ್ಕವನ್ನು ಕಡಿದು, ಗೋಡೆಯನ್ನು ಮಾತ್ರ ಪಾರ್ಕಿನ ತಂತಿಗೆ ಉಳಿಸಿಕೊಳ್ಳುತ್ತದೆ. ಬೆಂಕಿಯ ಅನಾಹುತ ಆಗದಿರಲೆಂದು ಅಂಬಾರಾಯನೇ ಸೇರಿಸಿದ ನಿಯಮ ಅದು. ಅವನು ಅದನ್ನು ಮರೆತಿರಲಿಲ್ಲ. ಹೇಗಾದರೂ ಆಗದೆ ಉಳಿದೀತು ಎಂದು ಆಸೆಪಟ್ಟಿದ್ದ.

ಒಂದು ಗಂಟೆ ಹತ್ತು ನಿಮಿಷಕ್ಕೆ ಫ್ಯಾನುಗಳು ನಿಧಾನವಾದವು. ರೆಕ್ಕೆಗಳು ಒಂದೊಂದಾಗಿ ಕಣ್ಣಿಗೆ ಕಾಣತೊಡಗಿ, ನಿಂತವು. ಜನ ಸ್ವಲ್ಪ ಹೊತ್ತು ಮೇಲೆ ನೋಡುತ್ತಾ ಕೂತಿದ್ದು, ಆಮೇಲೆ ಚಾಪೆ ಸುತ್ತಿಕೊಂಡು ಹೊರಗೆ ನೆರಳಿಗೆ ಬಂದರು.

ಲಾಲಬೀ ಚಹಾ ಸೋಸಿ ತಂದು ಅವನ ಮುಂದಿಟ್ಟಳು.

"ಕುಡೀರಿ ಸಾಹೇಬ್ರ," ಎಂದಳು. "ಗಾಳಿ ಬಂದಾಗ ಇಟ್ಟಿದ್ದೆ."

ಅವನು ಕುಡಿದ. ಮೂರು ಗಂಟೆಗೆ ನಿಗಮದ ಜೀಪು ಬಂತು.

ಅವನನ್ನು ಅಮಾನತು ಮಾಡಿದರು. ವಿದ್ಯುತ್ ಕಳವಿನ ಆರೋಪಪಟ್ಟಿಯಲ್ಲಿ ಅವನು ಕದ್ದದ್ದು ಒಂದೂವರೆ ಯೂನಿಟ್ಟು ಎಂದು ಬರೆದಿತ್ತು. ಅವನು ಪ್ರತಿವಾದ ಮಾಡಲಿಲ್ಲ. ಶೆಡ್ಡುಗಳಲ್ಲಿ ಆ ಬೇಸಿಗೆ ಇಬ್ಬರು ತೀರಿಕೊಂಡರು. ಇಬ್ಬರೂ ವಯಸ್ಸಾದವರು, ಇಬ್ಬರ ಕಾಗದದಲ್ಲೂ ಹಳೆಯ ಕಾಯಿಲೆಯ ಹೆಸರೇ ಇತ್ತು. ಉಳಿದವರಲ್ಲಿ ಅರ್ಧದಷ್ಟು ಜನ ಬೇರೆ ಊರುಗಳ ಗಣಿಗೆ ಹೊರಟುಹೋದರು. ಲಾಲಬೀ ಮತ್ತು ಅವಳ ಗಂಡ ಹೋಗಲಿಲ್ಲ. ಪಾರ್ಕಿನ ಕಾವಲು ಕೆಲಸ ಇನ್ನೂ ಇತ್ತು.

ವಿಚಾರಣೆಯ ದಿನ ಅಂಬಾರಾಯ ತನ್ನ ಹಳೆಯ ಕಚೇರಿಗೆ ಹೋಗಬೇಕಾಯಿತು. ಅವನ ಮೇಜಿನಲ್ಲಿ ಬೇರೆ ಎಂಜಿನಿಯರ್ ಕೂತಿದ್ದ. ಎದ್ದು ನಿಂತು ಗೌರವದಿಂದ ಮಾತಾಡಿಸಿ, ಎರಡನೆಯ ಹಂತಕ್ಕೆ ಮಂಜೂರಾತಿ ಸಿಕ್ಕಿತು ಸಾರ್, ನಿಮ್ಮ ವರದಿಯೇ ಅದಕ್ಕೆ ಆಧಾರ ಎಂದು ಹೇಳಿ ನಕ್ಷೆ ಬಿಡಿಸಿದ. ಎಂಟುನೂರು ಮನೆಗಳ ಬಡಾವಣೆ. ರಸ್ತೆಗೆ ಹೊಂದಿದ ಮೊದಲ ಎರಡು ಸಾಲುಗಳಿಗೆ ಹಳದಿ ಬಣ್ಣ ತುಂಬಿ, ಪಕ್ಕದಲ್ಲಿ 'ಜನವಸತಿ ರಹಿತ ಮನೆಗಳು – ೯೬' ಎಂದು ಬರೆದಿದ್ದರು. ಅವು ವಸತಿ ಯೋಜನೆಯಲ್ಲಿ ಮಂಜೂರಾದ ಮನೆಗಳಾದ್ದರಿಂದ ನಿಯಮದ ಪ್ರಕಾರ ಪ್ರತಿಯೊಂದಕ್ಕೂ ಎರಡು ಕೋಣೆ, ಅಡುಗೆ ಕಟ್ಟೆ, ಬಚ್ಚಲು, ದೇವರ ಗೂಡು, ಮುಂಬಾಗಿಲಿಗೆ ಒಂದು ಮೆಟ್ಟಿಲು ಎಲ್ಲವನ್ನೂ ತೋರಿಸಿದ್ದರು. ಅಂಬಾರಾಯ ಕನ್ನಡಕ ಹಾಕಿಕೊಂಡು, ಮೂಲೆಯ ಮನೆಯಿಂದ ಶುರುಮಾಡಿ ಒಂದೊಂದೇ ಮನೆಯನ್ನು ಬೆರಳಿಟ್ಟು ನೋಡುತ್ತಾ ಬಂದ. ಸ್ವಿಚ್ ಬೋರ್ಡು ಮಾತ್ರ ಯಾವ ಮನೆಯಲ್ಲೂ ಇರಲಿಲ್ಲ.